ಅಶ್ವಜಿತನ ಆರ್ಕಿಟೆಕ್ಚರ್ ಶೋಧ

ಕುತುಬೋದ್ದೀನ ಸಾಹೇಬರು ಚಹಾ ಕುಡಿಯುತ್ತ ಕೇಳಿದ ಒಂದೇ ಒಂದು ಪ್ರಶ್ನೆಯಿಂದ ಅಶ್ವಜಿತನ ಆ ದಿನದ ನೆಮ್ಮದಿ ಹಾರಿಹೋಯಿತು. ಬೀದರದ ನೌಬಾದ ಬಡಾವಣೆಯಲ್ಲಿದ್ದ ಅವರ ಪುಟ್ಟ ಸಾಫ್ಟ್‌ವೇರ್ ಕಂಪನಿ ಅಲ್ಲಿಯವರೆಗೆ ಕಿರಾಣಿ ಅಂಗಡಿಗಳಿಗೆ ಬಿಲ್ ಮಾಡುವ ಪ್ರೋಗ್ರಾಮ್ ಬರೆದುಕೊಂಡು ಸುಖವಾಗಿತ್ತು. ಈಗ ಜಿಲ್ಲೆಯ ತುಂಬ ಶಾಖೆಗಳಿರುವ ಸಹಕಾರ ಸಂಘವೊಂದರ ಕೆಲಸ ಬಂದು ಕೂತಿತ್ತು.

"ಇದು ಅಂಗಡಿ ಬಿಲ್ ಅಲ್ಲ ನೋಡಪಾ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಬೇಕು, ಎಲ್ಲಾ ಶಾಖೆ ಕಂಪ್ಯೂಟರ್ ಕೂಡಿ ನಡೆಯೋ ನಕ್ಷಾ. ಬರ್ತದೇನು?"

"ಕಲೀತೇನ್ರಿ ಸಾಹೇಬ್ರ."

"ಎಲ್ಲಿ ಕಲೀತಿ? ಸಂಜಿ ಒಳಗ ಹೇಳು. ಹೇಳಿದ್ರ ಟೀಮ್ ಲೀಡರ್ ನೀನೇ. ಇಲ್ಲಾಂದ್ರ ಹೈದರಾಬಾದದಿಂದ ಒಬ್ಬರನ್ನ ಕರಸ್ತೇನಿ."

ಲೀಡರ್ ಆಗುವ ಆಸೆ ಅಶ್ವಜಿತನಿಗೆ ಇದ್ದೇ ಇತ್ತು. ಅದಕ್ಕಿಂತ ಕುತೂಹಲ ದೊಡ್ಡದು. ಎಲ್ಲ ಶಾಖೆಯವರೂ ಒಟ್ಟಿಗೆ ಲೆಕ್ಕ ಕೇಳಿದರೆ ಯಾರಿಗೆ ಮೊದಲು ಉತ್ತರ? ಒಂದು ಊರಿನ ಕರೆಂಟ್ ಹೋದರೆ ಇನ್ನೊಂದು ಊರಿನ ಲೆಕ್ಕದ ಗತಿಯೇನು? ಇಂಟರ್ನೆಟ್ಟಿನಲ್ಲಿ ಹುಡುಕಿದ. ಸಿಕ್ಕವರೆಲ್ಲ ಚೌಕ ಬರೆದು, ಚೌಕಕ್ಕೆ ಬಾಣ ಬಿಟ್ಟು, "ಇದಕ್ಕೂ ಮೊದಲು ಅದನ್ನು ಕಲಿಯಿರಿ" ಎಂದು ಬೇರೆ ಕಡೆ ಅಟ್ಟಿದರು. ತಿರುಗಿ ಪ್ರಶ್ನೆ ಕೇಳಬಹುದಾದ ಒಬ್ಬ ಜೀವಂತ ಮನುಷ್ಯ ಅವನಿಗೆ ಬೇಕಾಗಿದ್ದ.

ಮಧ್ಯಾಹ್ನ ಚಿದ್ರಿಯಲ್ಲಿದ್ದ ತನ್ನ ಮನೆಗೆ ಊಟಕ್ಕೆ ಹೋದವನು ಪಕ್ಕದ ಮನೆಯ ಕೌಸಲ್ಯಾಬಾಯಿಯ ಮುಂದೆ ಇದನ್ನು ಬಾಯಿಬಿಟ್ಟದ್ದೇ ತಪ್ಪಾಯಿತು. ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ಆಕೆಯ ದೃಷ್ಟಿಯಲ್ಲಿ, ಬಂದವರಿಗೆ ನೀರು ಕೊಡದೆ ಕಳಿಸಿದಷ್ಟೇ ದೊಡ್ಡ ಅಪಚಾರ.

"ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡ್ತಿ? ಭಾಲ್ಕಿಯೊಳಗ ನಮ್ಮ ಮೈದುನ ಗೋರಖನಾಥ ಕಂಪ್ಯೂಟರ್ ಸೆಂಟರ್ ಇಟ್ಟಾನ. ಅವಗ ಬರಲಾರದ್ದು ಯಾವುದೂ ಇಲ್ಲ. ನಡಿ, ನಾ ಫೋನ್ ಮಾಡ್ತೇನಿ."

ಬಿಸಿಲಲ್ಲಿ ಗಾಡಿ ಓಡಿಸಿಕೊಂಡು ಅಶ್ವಜಿತ ಭಾಲ್ಕಿ ಮುಟ್ಟಿದ. ಸೆಂಟರಿನಲ್ಲಿ ನಾಲ್ಕಾರು ಜನ ಟೈಪಿಂಗ್ ಕಲಿಯುತ್ತಿದ್ದರು. ಗೋರಖನಾಥರು ಅವನ ಪ್ರಶ್ನೆ ಕೇಳಿಸಿಕೊಂಡು, ಕನ್ನಡಕ ಒರೆಸಿ, ಮಂಡಕ್ಕಿಯ ಸುಸಲಾ ತಿನ್ನಿಸಿ, ಚಹಾ ಕುಡಿಸಿ, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಮೊದಲ ನಾವೇ ಕಲಿಸ್ತಿದ್ದೆವ್ರಿ. ಈಗ ಬಂದ್ ಮಾಡೀವಿ. ನೀವು ಸೀದಾ ಔರಾದಿಗೆ ಹೋಗ್ರಿ. ಅಲ್ಲಿ ವಾಚನಾಲಯದಾಗ ಸಿದ್ದೇಶ್ವರ ಸರ್ ಅದಾರ. ನಾ ಈಗಿಂದೀಗ ಫೋನ್ ಹಚ್ತೇನಿ."

ಔರಾದಿನ ವಾಚನಾಲಯದ ಮುಂದೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅಶ್ವಜಿತನ ಹೆಗಲ ಮೇಲೆ ಒಂದು ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು. ಒಳಗೆ ಕೂತಿದ್ದ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಸಿದ್ದೇಶ್ವರ ಸರ್ ಮೈಕು ಹಿಡಿದಿದ್ದರು.

"ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಲ್ಲಿ ಕಲೀಬೇಕು ಅಂತ ನೀವೆಲ್ಲಾ ನನ್ನ ಜೀವಾ ತಿಂತಿದ್ರಿ. ಬೀದರದ ದೊಡ್ಡ ಇಂಜಿನಿಯರ್ ಸಾಹೇಬರು ಖುದ್ದು ಬಂದಾರ. ಆರ್ಕಿಟೆಕ್ಚರ್ ಅಂದ್ರ ಇವರೇ ಅಂತ ಭಾಲ್ಕಿ ಗೋರಖನಾಥರು ಫೋನಿನ್ಯಾಗ ಹೇಳ್ಯಾರ!"

ತಾವು ಕಳಿಸಿದ ಮನುಷ್ಯ ಸಣ್ಣವನಾದರೆ ತಮ್ಮ ಮರ್ಯಾದೆ ಏನಾದೀತು ಎಂದು ಗೋರಖನಾಥರು ಅವನನ್ನು ದೊಡ್ಡವನನ್ನಾಗಿ ಮಾಡಿ ಕಳಿಸಿದ್ದರು. ಅಶ್ವಜಿತ ಕೈಚಾಚಿ ಮೈಕು ಇಸಿದುಕೊಂಡ.

"ನನಗ ಇದು ಏನೂ ಗೊತ್ತಿಲ್ರಿ. ನಾನೇ ಕಲೀಲಿಕ್ಕ ಬಂದೀನಿ," ಎಂದ ಮೈಕಿನಲ್ಲಿ.

ಚಪ್ಪಾಳೆಯೋ ಚಪ್ಪಾಳೆ. "ನೋಡ್ರಿ, ಖರೇ ದೊಡ್ಡವರು ಹಿಂಗೇ ಇರ್ತಾರ," ಎಂದು ಸಿದ್ದೇಶ್ವರ ಸರ್ ಕಣ್ಣೊರೆಸಿಕೊಂಡರು.

ಮುಂದೆ ಕೂತಿದ್ದ ವಿಶಾಖಾ ಎಂಬ ಹುಡುಗಿ ಎದ್ದಳು. "ಸರ್, ದೊಡ್ಡ ಕಂಪನಿಯೊಳಗ ಒಂದು ಶಾಖೆ ಬಂದ್ ಬಿದ್ರ ಉಳಿದವು ಹ್ಯಾಂಗ ನಡೀತಾವ್ರಿ?"

ಬೆಳಗಿನಿಂದ ಅವನನ್ನು ಕೊರೆಯುತ್ತಿದ್ದುದೇ ಅದು. ತಪ್ಪಿಸಿಕೊಳ್ಳಬೇಕೆಂಬುದೇ ಮರೆತುಹೋಗಿ ಅಶ್ವಜಿತ ಬೋರ್ಡಿನ ಮೇಲೆ ಚೌಕ ಬರೆದ. ಬಾಣ ತಪ್ಪಾಯಿತೆಂದು ಆಕೆ ಅಳಿಸಿದಳು. ಇನ್ನೊಬ್ಬ ಹಿಂದಿನ ಬೆಂಚಿನಿಂದ ಬಂದು ಬೇರೆ ಬಾಣ ಬಿಟ್ಟ. ಎಲ್ಲರೂ ಕೂಡಿ ಜಗಳಾಡುತ್ತ ಬೋರ್ಡು ತುಂಬಿಸಿದರು, ಅರ್ಧಂಬರ್ಧವಾದರೂ ಏನೋ ತಿಳಿಯಿತು. ಅವನಿಗೆ ತುಂಬ ಖುಷಿಯಾಯಿತು. ಆ ಖುಷಿಯಲ್ಲೇ, ಸಿದ್ದೇಶ್ವರ ಸರ್ "ಪ್ರತಿ ಐತವಾರ ಸಾಹೇಬರ ಕ್ಲಾಸ್" ಎಂದು ಘೋಷಿಸಿದಾಗ ತಲೆಯಾಡಿಸಿಬಿಟ್ಟ.

ಹೊರಗೆ ಬರುತ್ತಿದ್ದಂತೆ ಕುತುಬೋದ್ದೀನ ಸಾಹೇಬರ ಫೋನು.

"ಸಾಹೇಬ್ರ, ಕಲಿಸೋರು ಎಲ್ಲೂ ಸಿಗಲಿಲ್ರಿ…"

"ಹುಡುಕೋದು ಬಿಡಪಾ, ನನಗ ಸಿಕ್ತು! ಔರಾದಿನ ದೋಸ್ತ ಈಗ ಹೇಳಿದ. ಬೀದರದ ಯಾರೋ ದೊಡ್ಡ ಸರ್ ಅಲ್ಲಿ ಐತವಾರಕ್ಕೊಮ್ಮೆ ಕ್ಲಾಸ್ ಸುರು ಮಾಡ್ಲತ್ತಾರಂತ. ನಮ್ಮೂರಾಗೇ ಇಂಥವರು ಅದಾರ, ನಮಗ ಖಬರೇ ಇಲ್ಲ! ನಿನ್ನ ಹೆಸರು ಹಚ್ಚೀನಿ."

"ಸಾಹೇಬ್ರ, ಅದು…"

"ಫಿಕರ್ ಮಾಡಬ್ಯಾಡ, ನಾನೂ ಬರ್ತೇನಿ. ಪಹಿಲೇ ಬೆಂಚಿನ್ಯಾಗ ನಿನ್ನ ಮಗ್ಗಲಾಗೇ ಕೂಡ್ತೇನಿ. ಆ ಸರ್‌ಗ ಛಲೋ ಬರ್ತದೋ ಇಲ್ಲೋ ಇಬ್ಬರೂ ಕೂಡಿ ನೋಡೋಣು. ಬರಲಿಲ್ಲಂದ್ರ ಹೈದರಾಬಾದದವರು ಇದ್ದೇ ಇದ್ದಾರ."