ಮೌಶಿಯ ಸಂಗೀತ ಡಿಪ್ಲೊಮಾ

ನಮ್ಮ ಮೌಶಿ ಹಾಡಿದರೆ ಮಳೆ ಸುರಿಯುವುದಿಲ್ಲ, ದೀಪ ತಾನಾಗಿ ಹತ್ತಿಕೊಳ್ಳುವುದಿಲ್ಲ. ಆದರೆ ಬಸ್ಸು ನಿಲ್ಲುತ್ತದೆ! ಅಂಕಲಗಿಯ ಹತ್ತಿರ ಅದು ಗಕ್ಕನೆ ನಿಂತಾಗ ನಾನೂ ಅದರೊಳಗಿದ್ದೆ. ಡ್ರೈವರ್ ಇಳಿದು ಗಾಲಿಯ ಕೆಳಗೆಲ್ಲ ಬಗ್ಗಿ ನೋಡಿ ಬಂದ. ಕಂಡಕ್ಟರ್ ಮೌಶಿಯ ಮುಂದೆ ಕೈ ಮುಗಿದು ನಿಂತ.

"ಅಕ್ಕಾರ, ಹಾಡಬ್ಯಾಡ್ರಿ ಅನ್ನಂಗಿಲ್ರಿ. ಚಾಲೂ ಮಾಡೂ ಮೊದಲ ಒಂದ ಮಾತ ಹೇಳ್ರಿ. ಗಾಲ್ಯಾಗ ಏನೋ ಸಿಕ್ಕೈತಿ ಅಂತ ನಮ್ಮ ಡ್ರೈವರ್ ಹೆದರಿಬಿಟ್ಟಾನ."

ಮೌಶಿ ಅಂದರೆ ನಮ್ಮವ್ವನ ತಂಗಿ. ಗೋಕಾಕದ ಕಾಲೇಜೊಂದರಲ್ಲಿ ಆಯುಷ್ಯವಿಡೀ ಪ್ರಾಣಿಶಾಸ್ತ್ರ ಕಲಿಸಿದವಳು. ಕಪ್ಪೆ, ಜಿರಲೆ, ಎರೆಹುಳು, ಯಾವುದೂ ಅವಳ ಮುಂದೆ ಹೊಟ್ಟೆಯೊಳಗಿನ ಗುಟ್ಟು ಮುಚ್ಚಿಟ್ಟುಕೊಳ್ಳಲಾರದು. ಮದುವೆಯಾಗಲಿಲ್ಲ. "ನೋಡಾಕ ಬಂದವರೊಳಗ ಒಬ್ಬರಿಗೂ ಬೆನ್ನೆಲುಬು ಇದ್ದಿಲ್ಲ" ಎನ್ನುತ್ತಾಳೆ. ಇಂಥವಳು ನಿವೃತ್ತಿಯಾದ ಮೇಲೆ ತೀರ್ಥಯಾತ್ರೆಗೆ ಹೋಗಬೇಕೋ ಬೇಡವೋ? ಹೋಗಿ ವಿಶ್ವವಿದ್ಯಾಲಯದ ಸಂಗೀತ ಡಿಪ್ಲೊಮಾಕ್ಕೆ ಸೇರಿಬಿಟ್ಟಳು!

"ಮೌಶಿ, ನಿನಗ ಹಾಡಾಕ ಬರತೈತೇನ?" ಎಂದು ಕೇಳಿದೆ.

"ಬರತಿದ್ರ ಕಲಿಯಾಕ ಯಾಕ ಹೋಗ್ತಿದ್ನೋ ಶಾಣ್ಯಾ?"

ಮೊದಲ ದಿನವೇ ಪೇಚಾಯಿತು. ಪಾಠಕ್ಕೆ ಬಂದ ಸರ್ ಮೂಡಲಗಿ ಊರಿನವರು, ಮೌಶಿಯ ಹಳೆಯ ವಿದ್ಯಾರ್ಥಿ. ಅದೂ ಎಂಥ ವಿದ್ಯಾರ್ಥಿ? ಪ್ರಾಣಿಶಾಸ್ತ್ರದಲ್ಲಿ ಮೌಶಿ ಫೇಲು ಮಾಡಿದ್ದರಿಂದಲೇ ವಿಜ್ಞಾನಕ್ಕೆ ಕೈಮುಗಿದು ಸಂಗೀತಕ್ಕೆ ಹೋದವರು! ಸರ್ ಒಳಗೆ ಬಂದರು ಎಂದು ಮೌಶಿ ಎದ್ದು ನಿಂತಳು. ಮೇಡಂ ನಿಂತಿದ್ದಾರೆಂದು ಸರ್ ಕೂಡಲಿಲ್ಲ. ಇಬ್ಬರೂ ನಿಂತಿದ್ದಾರೆಂದು ತರಗತಿಯೆಲ್ಲ ಎದ್ದು ನಿಂತಿತು. ಆ ದಾರಿಯಲ್ಲಿ ಹೊರಟಿದ್ದ ಇತಿಹಾಸ ವಿಭಾಗದ ಪ್ರಾಧ್ಯಾಪಕರೊಬ್ಬರು ಇಣುಕಿ ನೋಡಿ, ತಾವೂ ತಲೆ ತಗ್ಗಿಸಿ ನಿಂತುಕೊಂಡು, ಮೆಲ್ಲಗೆ ಕೇಳಿದರಂತೆ: "ಯಾರು ತೀರಿಕೊಂಡ್ರಿ?"

"ಮೇಡಂ, ನೀವು ನನಗ ಸರ್ ಅನಬ್ಯಾಡ್ರಿ" ಎಂದು ಸರ್ ಬೇಡಿಕೊಂಡರು.

"ಪಾಠಾ ಹೇಳೋರಿಗೆ ಸರ್ ಅನ್ನಲಾರದ ಜಿರ್ಲಿ ಅನ್ಲ್ಯಾ?"

ಕೊನೆಗೆ ಒಂದು ಒಪ್ಪಂದವಾಯಿತು. ತಬಲಾದವನು ಜೋರಾಗಿ 'ಧಾ' ಎಂದು ಬಾರಿಸಬೇಕು, ಆ ಪೆಟ್ಟಿಗೇ ಗುರುಶಿಷ್ಯರಿಬ್ಬರೂ ಒಟ್ಟಿಗೆ ಕೂಡಬೇಕು. ಮೌಶಿ ಇಡೀ ಕೋರ್ಸಿನಲ್ಲಿ ತಾಳ ತಪ್ಪದೆ ಮಾಡಿದ ಕೆಲಸ ಇದೊಂದೇ.

ವಿಶ್ವವಿದ್ಯಾಲಯ ಎಂದ ಮೇಲೆ ನಾನಾ ತರಹದ ಪಂಡಿತರು ಇರುತ್ತಾರಲ್ಲ? ಮೌಶಿಯ ಸುದ್ದಿ ಎಲ್ಲ ವಿಭಾಗಗಳಿಗೂ ಮುಟ್ಟಿತು. ಭೌತಶಾಸ್ತ್ರದವರು ಅವಳ 'ಸಾ' ಎಲ್ಲಿ ನಿಲ್ಲುತ್ತದೆ ಎಂದು ಯಂತ್ರ ಹಚ್ಚಿ ಅಳೆದರು. ಯಂತ್ರದ ಮುಳ್ಳು ಒಮ್ಮೆ 'ರಿ'ಗೆ ಹೋಯಿತು, ಒಮ್ಮೆ 'ನಿ'ಗೆ ಬಂತು, ಆಮೇಲೆ ಬೇಸತ್ತು ಮಲಗಿಬಿಟ್ಟಿತು. ಭಾಷಾಶಾಸ್ತ್ರದವರು ಕಣ್ಣುಮುಚ್ಚಿ ಕೇಳಿ ತೀರ್ಪು ಕೊಟ್ಟರು: "ಇದು ಸ್ವರ ಅಲ್ರಿ, ವ್ಯಂಜನ!"

ಮೌಶಿ ಕುಗ್ಗಿದಳೇ? ಹುಕ್ಕೇರಿಯಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳ ನಿಶ್ಚಯ ಇತ್ತು. ಮೌಶಿ ಸಂಗೀತ ಕಲಿಯುತ್ತಿದ್ದಾಳೆ ಎಂದು ತಿಳಿದು ಯಾರೋ ಪುಣ್ಯಾತ್ಮರು "ಒಂದ್ ಹಾಡ ಹೇಳ್ರಿ" ಎಂದುಬಿಟ್ಟರು. ಮೌಶಿ ಮೊದಲು ವಿವರಣೆ ಕೊಟ್ಟಳು. "ಇದು ಭೂಪ ರಾಗ. ಇದಕ್ಕ 'ಮ' ಇಲ್ಲ, 'ನಿ' ಇಲ್ಲ. ಹಲ್ಲಿಗೆ ಬಾಲ ಉದುರಿದಂಗ ಅಂತ ತಿಳ್ಕೋರಿ. ಆದ್ರೂ ಜೀವಂತ ಐತಿ." ಆಮೇಲೆ ಹಾಡಿ ಅದರ ಜೀವವನ್ನೂ ತೆಗೆದಳು. ವರನ ತಂದೆ ಗಾಬರಿಯಿಂದ ಕೇಳಿದರು:

"ಹುಡುಗಿಗೂ ಹಿಂಗ ಹಾಡಾಕ ಬರತೈತೇನ್ರಿ?"

"ದೇವರಾಣಿ ಇಲ್ರಿ! ಒಂದ್ ಸ್ವರಾನೂ ಬರಂಗಿಲ್ಲ!" ಎಂದಳು ಹುಡುಗಿಯ ತಾಯಿ.

ಅಲ್ಲೇ ತಾಂಬೂಲ ಬದಲಾಯಿತು!

ಪರೀಕ್ಷೆ ಬಂತು. ಬರೆಯುವ ಪರೀಕ್ಷೆಯಲ್ಲಿ ಮೌಶಿಯೇ ಎಲ್ಲರಿಗಿಂತ ಮುಂದೆ. ರಾಗಗಳನ್ನು ಜಾತಿ, ಕುಲ, ಅಂಗಾಂಗಗಳ ಪ್ರಕಾರ ವಿಂಗಡಿಸಿ, ಚಿತ್ರ ಬರೆದು, ಬಾಣ ಹಾಕಿ ಹೆಸರು ಗುರುತಿಸಿದ್ದಳು. ಹಾಡುವ ಪರೀಕ್ಷೆಯಲ್ಲಿ ಫೇಲು.

ಮುಂದಿನ ರವಿವಾರ ಸರ್ ಮೂಡಲಗಿಯಿಂದ ಗೋಕಾಕಕ್ಕೆ ಮೌಶಿಯ ಮನೆಗೇ ಬಂದರು. ನಾನೂ ಅಲ್ಲೇ ಇದ್ದೆ. ಮೌಶಿ ಎದ್ದಳು. ಧಾ ಬಾರಿಸುವವರು ಯಾರೂ ಇರಲಿಲ್ಲವಾದ್ದರಿಂದ ಇಬ್ಬರೂ ಬಹಳ ಹೊತ್ತು ನಿಂತೇ ಇದ್ದರು.

"ಮೇಡಂ, ಪಾಸ್ ಮಾಡಾಕ ಕೈ ಬರ್ಲಿಲ್ರಿ" ಎಂದರು ಸರ್ ನೆಲ ನೋಡುತ್ತ. "ಹೊರಗಿಂದ ಬಂದ ಪರೀಕ್ಷಕರು 'ಹೋಗ್ಲಿ ಬಿಡ್ರಿ, ವಯಸ್ಸಾದವರು, ಪಾಸ್ ಮಾಡೂಣು' ಅಂದ್ರು. ನಾನ ಬ್ಯಾಡ ಅಂದೆ."

ಮೌಶಿಯ ಮುಖ ಅರಳಿತು. "ಛಲೋ ಮಾಡೀರಿ ಸರ್. ವಯಸ್ಸಿಗೆ ಮಾರ್ಕ್ಸ್ ಕೊಟ್ಟಿದ್ರ ನಾ ನಿಮ್ಮ ಮಾರಿ ನೋಡ್ತಿದ್ದಿಲ್ಲ. ಬರೂ ವರ್ಷ ಮತ್ತ ಕೂಡ್ತೇನಿ."

ಸರ್ ಉಸಿರು ಬಿಟ್ಟು ಕುರ್ಚಿಯಲ್ಲಿ ಕುಳಿತರು. ನನಗೆ ನಗು ಬಂತು. ಮೌಶಿ ಮಾತ್ರ ನಗಲಿಲ್ಲ. ಅವರನ್ನೇ ನೋಡುತ್ತ ನಿಂತಳು. ಆಮೇಲೆ, ಇಷ್ಟು ದಿನ ಒಮ್ಮೆಯೂ ಬಳಸದ ಏಕವಚನದಲ್ಲಿ ಕೇಳಿದಳು:

"ಫೇಲ್ ಅಂತ ನೋಡಿದ ದಿನಾ ನನಗ ತುತ್ತ ಇಳೀಲಿಲ್ಲಪಾ. ನಾ ನಿನ್ನ ಫೇಲ್ ಮಾಡಿದ್ನಲ್ಲಾ, ಅವತ್ತ ನೀ ಮನಿಗೆ ಹೋಗಿ ಊಟಾ ಮಾಡಿದ್ಯೋ ಇಲ್ಲೋ?"

ಸರ್ ಕುರ್ಚಿಯಿಂದ ಮತ್ತೆ ಎದ್ದು ನಿಂತರು.

"ಮನಿಗೇ ಹೋಗ್ಲಿಲ್ರಿ ಮೇಡಂ. ಕತ್ತಲಾಗೂ ತನಾ ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ದೆ."

ಮೌಶಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸಪ್ಪಳದ ನಡುವೆ ಅವಳ ಕೂಗು ಕೇಳಿತು:

"ಕೈ ತೊಳಕೊಂಡ ಬಾರೋ. ಬಿಸಿ ಇದ್ದಾಗ ಉಣ್ಣು."