ಎರಡು ಟವೆಲ್ ಎಸೆಯುವ ಮಾವ

ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲವೆಂದು ಮಸ್ಕಿ ಬಸ್‌ಸ್ಟ್ಯಾಂಡಿನ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನಕ್ಕೆ ಅವನ ಜೊತೆ ಬಸ್ಸು ಹತ್ತುವ ಯೋಗ ಬಂದಿರಲಿಲ್ಲ, ಅಷ್ಟೇ! ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಸಿಂಧನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಈ ಮಹಾಶಯ ಎರಡು ಎಸೆಯುತ್ತಿದ್ದ. ಒಂದು ಸೀಟಿನಲ್ಲಿ ತಾನು ಕೂತು, ಇನ್ನೊಂದನ್ನು ಲಿಂಗಸುಗೂರಿನವರೆಗೂ ಕಾಯುತ್ತಿದ್ದ. ಜಗಳಕ್ಕೆ ಬಂದವರಿಗೆ "ಬರೋರದಾರ್ರೀ" ಎನ್ನುತ್ತಿದ್ದ. ಯಾರೂ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಎರಡು ಸಲ ಗರ್ಭ ಇಳಿದುಹೋಗಿ, ನಾನು ಮೂರನೆಯ ಸಲ ಬಸುರಿ. ಲಿಂಗಸುಗೂರಿನ ಡಾಕ್ಟರು ಗರ್ಭ ನಿಲ್ಲಲೆಂದು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಸೂಜಿ ಶುರುಮಾಡಿದರು. ನನಗೋ ವಿಪರೀತ ನಿದ್ದೆ! ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಗೋಡೆಗೆ ಒರಗುತ್ತಿದ್ದೆ. ಮಸ್ಕಿಯ ನಮ್ಮ ಮನೆಗೆ ಬಂದ ಮಾವನ ಮುಂದೆ ನನ್ನ ಅತ್ತೆ, ಅಂದರೆ ಗಂಡನ ತಾಯಿ, ಗಾಬರಿಯಿಂದ ದೂರಿದರು.

"ಬೀಗರ, ಇಕಿಗೆ ನಿದ್ದಿ ಮದ್ದು ಹಾಕ್ಯಾರ. ಇನ್ನ ಸೂಜಿ ಬ್ಯಾಡ."

ಮಾವ ಪಡಸಾಲೆಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಅತ್ತೆಯನ್ನು ಕೂರಿಸಿಯೇಬಿಟ್ಟ. ಗಂಡಸರೆದುರು ಎಂದೂ ಕೂರದ ಅತ್ತೆ ಬೆಚ್ಚಿಬಿದ್ದು ಸೆರಗು ಎಳೆದುಕೊಂಡರು.

"ಅಕ್ಕಾರ, ನೀವು ಪ್ರೊಜೆಸ್ಟೆರಾನ್. ಇದು ನಿಮ್ಮ ಸ್ವಂತ ಮಣಿ. ನೀವು ಕುಂತ್ರ ಗರ್ಭ ನಿಲ್ಲಾಕ ಆಸರ. ಆಕಡಿದು ಮೈಯಾಗ ಉಪ್ಪು ಹಿಡಿಯೋ ಹಾರ್ಮೋನಿಂದು. ಅದರ ಮ್ಯಾಲೂ ನೀವು ಬಸ್ಸಿನ ಸೀಟಿಗೆ ಒಗದಂಗ ಟವೆಲ್ ಒಗೀತೀರಿ. ಆ ಕೆಲಸಾನೂ ಮಾಡಂಗಿಲ್ಲ, ಅದನ್ನ ಕುಂದ್ರಾಕೂ ಬಿಡಂಗಿಲ್ಲ."

"ಮಂದಿ ಮಣಿ ಮ್ಯಾಲೆ ನಾ ಯಾಕ ಟವೆಲ್ ಒಗೀಲ್ರೀ?"

"ಆಮ್ಯಾಲೆ ನೀವು ಒಡದು, ಬ್ಯಾರೆ ರೂಪ ತಗೊಂಡು ಮಿದುಳಿಗೆ ಹೋಗಿ ನಿದ್ದಿ ತರಿಸ್ತೀರಿ."

"ನಾ ಒಡೀತೀನೇನ್ರೀ?" ಅತ್ತೆ ಮಣೆಯಿಂದ ಎದ್ದೇಬಿಟ್ಟರು. ನನ್ನತ್ತ ಕೈ ತೋರಿಸಿ, "ಅಂದ್ರ ಇಕಿ ನಿದ್ದೀಗೆ ನಾನ ಕಾರಣ?" ಎಂದರು.

"ಹೌದ್ರೀ. ಗರ್ಭ ನಿಲ್ಲಿಸೋರೂ ನೀವ, ನಿದ್ದಿ ತರಿಸೋರೂ ನೀವ."

ಸೂಜಿಯ ಮೇಲಿನ ತಕರಾರು ಅಲ್ಲಿಗೆ ಮುಗಿಯಿತು.

ಮರುದಿನ ಸೂಜಿಗೆ ಹೊರಟಾಗ ಬಸ್ಸಿನಲ್ಲಿ ಮಾವ ಎರಡನೆಯ ಟವೆಲ್ ಎತ್ತಿ ನನ್ನನ್ನು ಕೂರಿಸಿದ. "ಯಾರೋ ಬರೋರದಾರ ಅಂತಿದ್ದೆಲ್ಲ ಮಾವಾ?" ಎಂದು ಕೆಣಕಿದೆ.

"ನನ್ನ ಹೇಣ್ತಿಗೆ ಐದು ತಿಂಗಳಾಗಿತ್ತು. ಹಿಂಗ ದವಾಖಾನಿಗೆ ಹೊಂಟಿದ್ವಿ. ಬಸ್ಸಿನ್ಯಾಗ ಯಾರೂ ಏಳಲಿಲ್ಲ. ನಿಂತಿದ್ದಕ್ಕ ಕೂಸು ಹೋತು ಅಂತಲ್ಲ, ಅದು ನನಗೂ ಗೊತ್ತದ. ಆದ್ರ ಆಕಿಗೆ ಕುಂದ್ರಾಕ ಜಾಗಾ ಸಿಗಬೇಕಾಗಿತ್ತು."

ನಾನು ದಂಗಾದೆ. ಅಷ್ಟು ವರ್ಷ ನಕ್ಕಿದ್ದಕ್ಕೆ ನಾಚಿಕೆಯಾಯಿತು. ನಿದ್ದೆಯ ಮದ್ದು ಮೈಯಲ್ಲಿದ್ದರೂ ಲಿಂಗಸುಗೂರಿನವರೆಗೆ ಕಣ್ಣು ಮುಚ್ಚಲಿಲ್ಲ.

ಮಗಳು ಹುಟ್ಟಿದ ಮೇಲೆ ಅವಳನ್ನೆತ್ತಿಕೊಂಡು ಮೊದಲ ಸಲ ಬಸ್ಸು ಹತ್ತಿದ ದಿನ ಮಾವ ಮೂರು ಟವೆಲ್ ಎಸೆದಿದ್ದ. ಒಂದು ಅವನಿಗೆ, ಒಂದು ನನಗೆ. ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ. ಮಗಳನ್ನು ಅದರ ಮೇಲೆ ಮಲಗಿಸಿದೆ. ಮಾವ ಟವೆಲಿನ ಅಂಚು ಎಳೆದು ಅವಳ ಕಾಲಿಗೆ ಹೊದಿಸಿದ.