ಅರ್ತಿನ ಅರ್ಥ

ಮೇಷ್ಟರ ಕೆಲಸದಲ್ಲಿ ಒಂದು ದೊಡ್ಡ ಸುಖವಿದೆ. ಪ್ರಶ್ನೆ ಕೇಳುವ ಹಕ್ಕು ನಮ್ಮದು, ಉತ್ತರ ಗೊತ್ತಿರಬೇಕಾದ ಕಷ್ಟ ಎದುರಿಗೆ ಕೂತವರದು. ಆಂಧ್ರದ ಆದೋನಿಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಹೇಳುತ್ತ ನಾನು ಈ ಸುಖವನ್ನು ಅನುಭವಿಸಿದ್ದೇನೆ. ವಿದ್ಯುತ್ತು ಎಂದರೇನು, ಮಂಡಲ ಎಂದರೇನು, ವಾಹಕ ಯಾವುದು, ಅವಾಹಕ ಯಾವುದು ಎಂದು ಸೀಮೆಸುಣ್ಣ ತಿರುಗಿಸುತ್ತ ಎಷ್ಟು ಜನರ ಬೆವರಿಳಿಸಿದ್ದೇನೋ ಲೆಕ್ಕವಿಲ್ಲ. ತಂತಿಯ ಮೇಲೆ ಕೂತ ಹಕ್ಕಿಗೆ ಶಾಕ್ ಯಾಕೆ ಹೊಡೆಯುವುದಿಲ್ಲ ಎಂದು ಮಕ್ಕಳು ತಿರುಗಿ ಕೇಳಿದರೆ, "ಒಳ್ಳೆಯ ಪ್ರಶ್ನೆ, ನಾಳೆ ಎಲ್ಲರೂ ಉತ್ತರ ಬರೆದುಕೊಂಡು ಬನ್ನಿ" ಎಂದು ಪಾರಾಗುತ್ತೇನೆ. ಮರುದಿನ ಮರೆತವನಂತೆ ನಟಿಸುತ್ತೇನೆ. ಆದರೆ ಈ ಉಪಾಯ ಮನೆಯಲ್ಲಿ ನಡೆಯುವುದಿಲ್ಲ. ಹೆಂಡತಿಗೆ ಹೋಮ್‌ವರ್ಕ್ ಕೊಡುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ನನ್ನ ಹೆಂಡತಿ ಪಾರ್ವತಿಯ ಪ್ರಶ್ನೆಗಳು ಪಠ್ಯಪುಸ್ತಕದ ಆಚೆಯವು. ಒಮ್ಮೆ ಬೀಸಣಿಗೆ ಬೀಸಿಕೊಳ್ಳುತ್ತ, "ಕರೆಂಟ್ ಹೋತು, ಕರೆಂಟ್ ಬಂತು ಅಂತೀವಲ್ಲ, ಅದು ಎಲ್ಲಿಗೆ ಹೋಗ್ತೈತ್ರಿ?" ಎಂದಳು. ಎಲ್ಲಿಗೂ ಹೋಗುವುದಿಲ್ಲ, ಹರಿಯುವುದು ನಿಲ್ಲುತ್ತದೆ ಅಷ್ಟೆ ಎಂದೆ. "ಹರಿಯೂದು ನಿಂತ್ರ ನಿಂತಲ್ಲೇ ಇರಬೇಕಲ್ಲ? ಹಂಗಾದ್ರ ಫ್ಯಾನ್ ಯಾಕ ತಿರುಗವಲ್ದು?" ಎಂದಳು. ನಾನು ದಿನಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದುಕೊಂಡೆ. ಇಂಥವಳು ಈ ಬೇಸಿಗೆ ರಜೆಯ ಮೊದಲ ವಾರ ಅಡಿಗೆಮನೆಯಿಂದ ಕೂಗಿ ಹೇಳಿದಳು: "ರೀ, ಫ್ರಿಜ್ ಮುಟ್ಟಿದ್ರ ಕೈ ಜುಮ್ ಅಂತೈತಿ!"

ನಾನು ಹೋಗಿ ಮುಟ್ಟಿದೆ. ಬಾಗಿಲು ಮುಟ್ಟಿದೆ, ಹಿಡಿಕೆ ಮುಟ್ಟಿದೆ, ಹಿಂದಿನ ಜಾಲರಿಯನ್ನೂ ಸವರಿ ನೋಡಿದೆ. ಏನೂ ಇಲ್ಲ. ಇದು ನಿನ್ನ ಭ್ರಮೆ ಎಂದು ತೀರ್ಪು ಕೊಟ್ಟೆ. ಅವಳು ಮರುದಿನದಿಂದ ಊಟದ ಮಣೆಯೊಂದನ್ನು ಫ್ರಿಜ್ಜಿನ ಮುಂದೆ ಹಾಕಿ, ಅದರ ಮೇಲೆ ನಿಂತು ಬಾಗಿಲು ತೆಗೆಯತೊಡಗಿದಳು. ಫ್ರಿಜ್ಜಿಗೆ ಆರತಿ ಮಾಡುತ್ತೀಯಾ ಎಂದು ನಾನು ನಕ್ಕೆ. ನಕ್ಕದ್ದಕ್ಕೆ ಶಿಕ್ಷೆ ಮುಂದೆ ಇತ್ತು.

ಇಲ್ಲಿ ನನ್ನ ಚಪ್ಪಲಿಯ ವಿಷಯ ಹೇಳಬೇಕು. ನಮ್ಮ ಅವ್ವ ಅಡಿಗೆಮನೆಗೆ ಚಪ್ಪಲಿ ಬಿಡುವವಳಲ್ಲ. ಆದರೆ ಎರಡು ವರ್ಷದ ಹಿಂದೆ ನನಗೆ ಹಿಮ್ಮಡಿ ನೋವು ಬಂದು, ಮನೆಯೊಳಗೂ ಮೆತ್ತನೆಯ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕೆಂದು ಡಾಕ್ಟರು ಹೇಳಿದರು. ಅವ್ವ ಮೂರು ದಿನ ಯೋಚಿಸಿ, ಸೋಮವಾರ ಮಾತ್ರ ಬೇಡ ಎಂಬ ಕರಾರಿನ ಮೇಲೆ ಒಪ್ಪಿದಳು. ನಮ್ಮ ವಂಶದಲ್ಲಿ ಅಡಿಗೆಮನೆಗೆ ಚಪ್ಪಲಿ ಮೆಟ್ಟಿ ಬಂದವನು ನಾನೊಬ್ಬನೇ. ಮಣೆ ನೋಡಿ ನಕ್ಕ ಮರು ಸೋಮವಾರ ಸ್ನಾನ ಮಾಡಿ, ಒದ್ದೆ ಕಾಲಲ್ಲಿ ಪೂಜೆಯ ಹೂವು ತೆಗೆದುಕೊಳ್ಳಲು ಫ್ರಿಜ್ಜಿಗೆ ಕೈ ಹಾಕಿದೆ. ಜುಮ್ ಎಂದದ್ದು ಮೊಣಕೈ ದಾಟಿ ಭುಜಕ್ಕೆ ಬಂತು. "ಎವ್ವಾ!" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಮನೆಯ ಹತ್ತಿ ವ್ಯಾಪಾರಿ ಶರಣಪ್ಪನವರು ಗೋಡೆಯ ಮೇಲಿಂದ ಇಣುಕಿದರು.

"ಭ್ರಮಿ ಏನ್ರಿ?" ಎಂದಳು ಪಾರ್ವತಿ. ನನ್ನ ಬರಿಗಾಲನ್ನೂ ಬಾಗಿಲಲ್ಲಿ ಬಿಟ್ಟಿದ್ದ ರಬ್ಬರ್ ಚಪ್ಪಲಿಯನ್ನೂ ಒಮ್ಮೆ ನೋಡಿ, "ಹೇಳೂದು ಪುರಾಣ, ತಿನ್ನೂದು ಬದನಿಕಾಯಿ" ಎಂದಳು. ಅವಾಹಕಗಳಿಗೆ ಉದಾಹರಣೆಯಾಗಿ ಬೋರ್ಡಿನ ಮೇಲೆ ರಬ್ಬರು, ಒಣ ಮರ ಎಂದು ವರ್ಷವರ್ಷವೂ ಬರೆಯುವವನು ನಾನು. ರಬ್ಬರು ನನ್ನ ಕಾಲಲ್ಲಿತ್ತು, ಮರ ಅವಳ ಮಣೆಯಲ್ಲಿತ್ತು, ಎರಡೂ ನನಗೆ ಕಂಡಿರಲಿಲ್ಲ. ಅಷ್ಟರಲ್ಲಿ ಅವ್ವ ಮೆಲ್ಲಗೆ ಹೇಳಿದಳು: "ನನಗೂ ಜುಮ್ ಅಂತಿತ್ತಪ್ಪ ಬಸು. ವಯಸ್ಸಾತಲ್ಲ, ನರ ಹಿಡಿತಾವೇನೋ ಅನ್ಕಂಡು ಸುಮ್ಕಿದ್ದೆ." ಆ ಮಾತು ಫ್ರಿಜ್ಜಿಗಿಂತ ಜೋರಾಗಿ ಹೊಡೆಯಿತು. ದಿನವೂ ಒದ್ದೆ ಸೀರೆಯಲ್ಲಿ ಬಂದು ಅದನ್ನು ಮುಟ್ಟುವವಳು ಅವ್ವ. ಏನಾದರೂ ಆಗಿದ್ದರೆ? ನನಗೆ ನಿಜವಾಗಿ ಹೆದರಿಕೆಯಾಯಿತು. ಮರುಕ್ಷಣ ಪ್ಲಗ್ ಕಿತ್ತೆಸೆದೆ. ಇದರ ಮೂಲ ಹಿಡಿಯದೆ ಬಿಡುವವನಲ್ಲ ಎಂದು ಪಣ ತೊಟ್ಟೆ.

ಮೊದಲು ಎಲೆಕ್ಟ್ರಿಷಿಯನ್ ಮಸ್ತಾನನಿಗೆ ಫೋನ್ ಮಾಡಿದೆ. ಅವನು ಕೌತಾಳಂ ಕಡೆ ಹೊಸ ಮನೆಯೊಂದರ ವೈರಿಂಗಿಗೆ ಹೋಗಿದ್ದ. ನಾನು ಆವೇಶ, ವಿಭವ, ರೋಧ ಎಂದೆಲ್ಲ ಸೇರಿಸಿ ಹತ್ತು ನಿಮಿಷ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಸಾರ್, ಅರ್ತ್ ಐತಾ?" ಎಂದ.

ನನಗೆ ಸಿಟ್ಟು ಬಂತು. "ಏನಯ್ಯಾ ಮಸ್ತಾನ್, ಇಪ್ಪತ್ತೆರಡು ವರ್ಷ ಇದೇ ಪಾಠ ಹೇಳಿದಾಂವಗ ಅರ್ಥ ಐತಾ ಅಂತ ಕೇಳ್ತೀಯಲ್ಲ?"

"ಬೇಜಾರ್ ಆಗಬ್ಯಾಡ್ರಿ ಸಾರ್. ಪಕ್ಕಾ ಐತಲ್ಲ?"

"ಪಕ್ಕಾ ಐತಿ!"

"ಹಂಗಾದ್ರ ಫಿಕರ್ ಇಲ್ಲ ಸಾರ್. ಪ್ಲಗ್ ಗಿಗ್ ಲೂಸ್ ಇರಬೇಕು. ನಾಕು ದಿನದಾಗ ಬಂದು ನೋಡ್ತೀನಿ."

ನಾಲ್ಕು ದಿನ ಕಾಯುವಷ್ಟು ಸಹನೆ ಪಣ ತೊಟ್ಟವನಿಗೆ ಎಲ್ಲಿಂದ ಬರಬೇಕು? ಆದೋನಿಯ ಬಿಸಿಲಿನಲ್ಲಿ ಹಾಲು ಮಧ್ಯಾಹ್ನಕ್ಕೇ ಒಡೆಯುತ್ತಿತ್ತು, ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ನಡೆದು ಬರುತ್ತಿತ್ತು. ಮೊದಲ ದಿನ ಪ್ಲಗ್ ಬದಲಿಸಿದೆ. ಎರಡನೆಯ ದಿನ ಸಾಕೆಟ್ಟನ್ನೇ ಬದಲಿಸಿದೆ. ಮೂರನೆಯ ದಿನ ಫ್ರಿಜ್ಜನ್ನು ಪೂರ್ವದ ಗೋಡೆಯಿಂದ ಉತ್ತರದ ಗೋಡೆಗೆ ಎಳೆದೆ. ವಾಸ್ತುವಿಗಲ್ಲ, ಅಲ್ಲಿನ ಸಾಕೆಟ್ ಬೇರೆ ಎಂದು. ಪ್ರತಿ ಸಲವೂ ಚಪ್ಪಲಿ ಮೆಟ್ಟಿ, ಸ್ವಿಚ್ ಹಾಕಿ, ಟೆಸ್ಟರ್ ಹಚ್ಚುತ್ತಿದ್ದೆ. ಪ್ರತಿ ಸಲವೂ ಅದರೊಳಗಿನ ಕೆಂಪು ದೀಪ ನನ್ನನ್ನು ನೋಡಿ ನಗುತ್ತಿತ್ತು. ಪಾರ್ವತಿ ದೊಡ್ಡ ಮರದ ಸೌಟು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು. ಅದು ಶಾಕ್ ಹೊಡೆದರೆ ನನ್ನನ್ನು ಬಿಡಿಸಲಿಕ್ಕೋ, ಹೊಡೆಯದಿದ್ದರೆ ತಾನೇ ಹೊಡೆಯಲಿಕ್ಕೋ ನನಗೆ ಕೊನೆಗೂ ತಿಳಿಯಲಿಲ್ಲ.

ನಾಲ್ಕನೆಯ ದಿನ ಮಸ್ತಾನ ಬಂದ. ಚೀಲದಿಂದ ಎರಡು ವೈರು ಕಟ್ಟಿದ ಬಲ್ಬ್ ತೆಗೆದು, ಸಾಕೆಟ್ಟಿನಲ್ಲಿ ಅಲ್ಲಿ ಇಲ್ಲಿ ಹಚ್ಚಿ ನೋಡಿದ. ಒಂದು ಕಡೆ ಝಗ್ ಎಂದು ಹತ್ತಿದ ಬಲ್ಬು ಮೇಲಿನ ದೊಡ್ಡ ತೂತಿಗೆ ಹಚ್ಚಿದಾಗ ಸತ್ತಂತಿತ್ತು.

"ಸಾರ್, ಅರ್ತ್ ಎಲ್ಲೈತಿ ಸಾರ್?"

"ಎಲ್ಲೈತಿ ಅಂದ್ರ? ತಲಿಯಾಗ ಐತಿ."

ಮಸ್ತಾನ ಬಲ್ಬು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಅರ್ಥ ಅಲ್ಲ ಸಾರ್! ಭೂಮಿಗಿ ಹೋಗ್ತೈತಲ್ಲ, ಆ ಅರ್ತ್! ಗುಂತ ತೋಡಿ, ಉಪ್ಪು ಇದ್ದಲಿ ಹಾಕಿ, ಪೈಪ್ ಹೂಳ್ತಾರಲ್ಲ, ಅದು!" ಪುಸ್ತಕದಲ್ಲಿ ಅದಕ್ಕೆ ಭೂಸಂಪರ್ಕ ಎಂಬ ಗಂಭೀರವಾದ ಹೆಸರಿದೆ. ಭೂಸಂಪರ್ಕ ಐತಾ ಎಂದು ಅವನು ಕೇಳಿದ್ದರೆ ಚಿತ್ರ ಸಹಿತ ಐದು ಅಂಕದ ಉತ್ತರ ಹೇಳುತ್ತಿದ್ದೆ. ಅದು ನಮ್ಮ ಮನೆಯಲ್ಲಿ ಎಲ್ಲಿದೆ ಎಂದು ಕೇಳಿದ್ದರೆ ಮಾತ್ರ ಹೇಳಲಾಗುತ್ತಿರಲಿಲ್ಲ.

ಹೇಳಿದವಳು ಅವ್ವ. "ಆ ಪೈಪೇನಪ್ಪ? ಹಿತ್ತಲಾಗ ಬಂಡೆಗಲ್ಲಿನ ಬುಡಕ್ಕ ಐತಿ. ಮನಿ ಕಟ್ಟಿದಾಗ ಕರೆಂಟಿನಾಂವ ಹೇಳಿದ್ದ, ದಿನಾ ಒಂದು ಬಿಂದಿಗಿ ನೀರು ಹಾಕ್ರಮ್ಮ, ಮನಿಗಿ ಚಲೋದು ಅಂತ. ಹಾಕ್ತಿದ್ದೆ. ಬಸುನೇ ಬ್ಯಾಡಂದ."

ನನಗೆ ಎಲ್ಲವೂ ನೆನಪಾಯಿತು. ಹೋದ ವರ್ಷ ಶಾಲೆಯಲ್ಲಿ ಮೂಢನಂಬಿಕೆಗಳ ಮೇಲೆ ಒಂದು ಗಂಟೆ ಭಾಷಣ ಮಾಡಿ, ಶಾಲು ಹೊದಿಸಿಕೊಂಡು, ಅದೇ ಬಿಸಿಯಲ್ಲಿ ಮನೆಗೆ ಬಂದಿದ್ದೆ. ಹಿತ್ತಲಲ್ಲಿ ಅವ್ವ ಮಣ್ಣಿನಿಂದ ಗೇಣುದ್ದ ಎದ್ದ ಮೋಟು ಕಬ್ಬಿಣದ ಪೈಪಿಗೆ ನೀರು ಹುಯ್ಯುತ್ತಿದ್ದಳು. ದಿನವೂ ಬರಿಯ ನೀರನ್ನೇ ಹೇಗೆ ಹಾಕುವುದು ಎಂದು ಅದಕ್ಕೆ ಮೂರು ಬೆರಳು ವಿಭೂತಿಯನ್ನೂ ಹಚ್ಚಿದ್ದಳು. ವಿಜ್ಞಾನ ಮೇಷ್ಟರ ಮನೆಯಲ್ಲೇ ಪೈಪಿನ ಪೂಜೆಯೇ ಎಂದು ನಾನು ಉಳಿದ ಭಾಷಣವನ್ನು ಅವಳಿಗೆ ಮಾಡಿದೆ. ಅವ್ವ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಆ ವಾರವೇ ಪೈಪಿನ ಮೇಲೆ ಬಂಡೆ ಹಾಸಿಸಿ, ಅದರ ಮೇಲೆ ಸ್ಕೂಟರ್ ನಿಲ್ಲಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ವಿಜ್ಞಾನ ಗೊತ್ತಿಲ್ಲದೆ ಅದನ್ನು ಪಾಲಿಸುತ್ತಿದ್ದವಳು ಅವ್ವ, ಗೊತ್ತಿದ್ದು ಕೆಡಿಸಿದವನು ನಾನು.

ಸ್ಕೂಟರ್ ಸರಿಸಿ ಬಂಡೆ ಎಬ್ಬಿಸಿದೆವು. "ಗುಂತ ಮೊತ್ತಂ ಎಂಡಿಪೋಯಿಂದಿ ಸಾರ್, ಪೂರಾ ಒಣಗೈತಿ" ಎಂದ ಮಸ್ತಾನ. ಮಣ್ಣು ಬೆರಳು ಹೋಗುವಷ್ಟು ಬಿರಿದಿತ್ತು. ಉಪ್ಪು, ಇದ್ದಲಿ ತುಂಬಿದೆವು. ಅವ್ವ ತಾನೇ ಬಿಂದಿಗೆ ತಂದು ಹುಯ್ದಳು. ಒಳಗೆ ಮಸ್ತಾನ ಸಾಕೆಟ್ಟಿನ ಅದೇ ದೊಡ್ಡ ತೂತಿಗೆ ಬಲ್ಬು ಹಚ್ಚಿ ಹಿಡಿದಿದ್ದ. ಮೊದಲ ಬಿಂದಿಗೆಗೆ ಬಲ್ಬಿನ ತಂತಿ ಕೆಂಪಗಾಯಿತು, ಎರಡನೆಯದಕ್ಕೆ ಹಳದಿಯಾಯಿತು, ಐದನೆಯದಕ್ಕೆ ಅಡಿಗೆಮನೆಯೆಲ್ಲ ಬೆಳಕಾಯಿತು. ಇಪ್ಪತ್ತೆರಡು ವರ್ಷ ಹೇಳಿದ ಪಾಠವನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಫ್ರಿಜ್ಜಿನ ಹಿಂದೆ ಸಿಪ್ಪೆ ಸುಲಿದಿದ್ದ ವೈರನ್ನೂ ಮಸ್ತಾನ ಬದಲಿಸಿದ. ಟೆಸ್ಟರಿನ ಕೆಂಪು ದೀಪ ಹತ್ತದಿರುವುದನ್ನು ನೋಡಿದ ಮೇಲೆ ಪಾರ್ವತಿ ಮಣೆ ಸರಿಸಿ, ಬರಿಗಾಲಲ್ಲಿ ನಿಂತು ಹಿಡಿಕೆ ಹಿಡಿದಳು. ಆಮೇಲೆ ಅವ್ವ ಹಿಡಿದಳು. "ಏನೂ ಇಲ್ಲಪ್ಪ, ತಣ್ಣಗೈತಿ" ಎಂದು ಅವಳು ನಕ್ಕಾಗ ನನ್ನ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಮಸ್ತಾನನಿಗೆ, ಹಕ್ಕಿಗೆ ಯಾಕಯ್ಯಾ ಶಾಕ್ ಹೊಡೆಯುವುದಿಲ್ಲ ಎಂದು ಕೇಳಿದೆ. "ಹಕ್ಕಿಗಿ ಅರ್ತ್ ಇಲ್ಲಲ್ಲ ಸಾರ್" ಎಂದ ಅವನು, ಚೀಲ ಕಟ್ಟುತ್ತ.

ನೀರು ನಿಲ್ಲಿಸಿದವನೇ ನೀರು ಹಾಕಬೇಕೆಂದು ಅವ್ವನ ತೀರ್ಪಾಯಿತು. ಈಗ ದಿನವೂ ಬೆಳಗ್ಗೆ ಸ್ನಾನವಾದ ಮೇಲೆ ಬಿಂದಿಗೆ ಹೊತ್ತು ಹಿತ್ತಲಿಗೆ ಹೋಗುತ್ತೇನೆ. ಶರಣಪ್ಪನವರು ಗೋಡೆಯ ಆಚೆಯಿಂದ, "ಯಾವ ದೇವ್ರು ಮೇಷ್ಟ್ರೆ?" ಎಂದು ಕೈಮುಗಿದರು. ನಾನು ಭೂಸಂಪರ್ಕದ ತತ್ವವನ್ನು ಮೊದಲಿಂದ ವಿವರಿಸಿದೆ. ಅವರು ಭಕ್ತಿಯಿಂದ ಕೇಳಿ, ಮರುದಿನ ಒಂದು ಹಿಡಿ ಹೂವು ಕಳಿಸಿಕೊಟ್ಟರು.

ಹೋದ ಸೋಮವಾರ ಬಟ್ಟೆ ಒಣಹಾಕಲು ಹೋದ ಪಾರ್ವತಿ ಹಿತ್ತಲಿಂದಲೇ ಕೂಗಿದಳು: "ಅತ್ತಿ, ಪೈಪಿಗಿ ಮತ್ತ ಈಬತ್ತಿ ಹಚ್ಚೀರೇನು?" ತಾನು ಬೆಳಗಿನಿಂದ ಹಿತ್ತಲ ಕಡೆ ತಲೆಯೇ ಹಾಕಿಲ್ಲ ಎಂದಳು ಅವ್ವ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಬಲಗೈ ನೋಡಿದರು. ಮೂರು ಬೆರಳು ವಿಭೂತಿಯಿಂದ ಇನ್ನೂ ಬೆಳ್ಳಗಿದ್ದವು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡು, ಶಾಲೆಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಬೇಸಿಗೆ ರಜೆ ಮುಗಿಯಲು ಇನ್ನೂ ಹದಿನೈದು ದಿನ ಇತ್ತು.